ಒಗೆತದ ಒಗಟು: ಸೋಪೇ ಕಲೆ ಮಾಡಿದರೆ?

ಈ ಸಲದ ಪತ್ರಗಳ ಕಟ್ಟು ಬಿಚ್ಚಿದೆ. ಎಣ್ಣೆ, ಶಾಯಿ, ಕೆಸರು ಯಾವುದರ ಸುದ್ದಿಯೂ ಇಲ್ಲ. ಎಲ್ಲರ ದೂರೂ ಒಗೆಯುವ ಸಾಮಾನಿನ ಮೇಲೆಯೇ! ಪುಡಿಯ ಬಿಳಿ ಗೆರೆಯಂತೆ, ಬಟ್ಟೆ ಮೆತ್ತಗಾಗಲು ಹಾಕುವ ಸಾಫ್ಟನರ್‌ನ ಜಿಡ್ಡಂತೆ, ಬ್ಲೀಚಿನ ಚುಕ್ಕೆಯಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಲಾಂಡ್ರಿಯೊಂದರಲ್ಲಿ ಹತ್ತೊಂಬತ್ತು ವರ್ಷ ಒಗೆದವಳು ನಾನು. ಕಲೆಗಿಂತ ಕಲೆ ತೆಗೆಯುವ ಆತುರಕ್ಕೆ ಹಾಳಾದ ಬಟ್ಟೆಗಳನ್ನೇ ಹೆಚ್ಚು ನೋಡಿದ್ದೇನೆ. ಅದರಲ್ಲಿ ಒಂದೆರಡು ನನ್ನ ಕೈಯಿಂದಲೇ ಹಾಳಾದವು. ಅದೂ ಮುಂದೆ ಬರುತ್ತದೆ.

ಉತ್ತರಕ್ಕೆ ಮೊದಲು ಎಲ್ಲರಿಗೂ ಒಂದು ಕೆಲಸ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಹಿಟ್ಟಿನ ಹಾಗೆ ಉದುರಿದರೆ ಅದು ಪುಡಿ ಅಥವಾ ಸುಣ್ಣ. ಉದುರದಿದ್ದರೆ ಒಂದು ಹನಿ ನೀರು ಬಿಡಿ. ನೀರು ಒಳಗೆ ಇಳಿಯದೆ ಮಣಿಯ ಹಾಗೆ ಕೂತರೆ ಜಿಡ್ಡು, ಅಂದರೆ ಸಾಫ್ಟನರ್ ಇರಬಹುದು. ನೀರು ಸಲೀಸಾಗಿ ಇಳಿದು, ಒದ್ದೆಯಾದ ಮೇಲೂ ಆ ಜಾಗ ಸುತ್ತಲಿನ ಬಟ್ಟೆಗಿಂತ ತಿಳಿಯಾಗಿಯೇ ಕಂಡರೆ, ಅಲ್ಲಿ ಏನೂ ಅಂಟಿಲ್ಲ. ಇದ್ದ ಬಣ್ಣ ಹೋಗಿದೆ. ಇಷ್ಟು ಗೊತ್ತಾಗದೆ ಯಾವ ಬಾಟಲಿಯ ಮುಚ್ಚಳಕ್ಕೂ ಕೈ ಹಾಕಬೇಡಿ.

ಪ್ರಶ್ನೆ: ಕಪ್ಪು ಪ್ಯಾಂಟುಗಳ ಮೇಲೆ ಪ್ರತಿ ಸಲವೂ ಬಿಳಿ ಗೆರೆ. ಮೆಷಿನ್‌ನಲ್ಲಿ ತಣ್ಣೀರಿನಲ್ಲಿ ಒಗೆಯುತ್ತೇನೆ. ಪುಡಿ ಬದಲಿಸಿದರೂ ಹೋಗಲಿಲ್ಲ. ಇನ್ನೂ ಸ್ವಲ್ಪ ಹೆಚ್ಚು ಹಾಕಲೇ?

ದಯವಿಟ್ಟು ಬೇಡ. ಈಗ ಹಾಕುತ್ತಿರುವುದೇ ಹೆಚ್ಚಾಗಿರುವ ಹಾಗಿದೆ.

ಗೆರೆ ಒಣಗಿರುವಾಗಲೇ ಬಟ್ಟೆ ಬ್ರಷ್‌ನಿಂದ ಕೊಡವಿ. ಆಮೇಲೆ ಸೋಪು ಹಾಕದೆ ಬರೀ ನೀರಿನಲ್ಲಿ ಒಂದು ಸಲ ಓಡಿಸಿ. ಹೋಯಿತೇ? ಹಾಗಾದರೆ ಅದು ಕರಗದೆ ಉಳಿದ ಪುಡಿ. ಇನ್ನು ಮುಂದೆ ಪುಡಿಯನ್ನು ಒಂದು ಮಗ್ ಬಿಸಿನೀರಿನಲ್ಲಿ ಪೂರ್ತಿ ಕದಡಿ, ಆ ನೀರನ್ನು ಹಾಕಿ. ಕೈಯಲ್ಲಿ ಕಲಕುವಾಗ ತಳದಲ್ಲಿ ಮರಳಿನ ಹಾಗೆ ಸಿಗಬಾರದು.

ಹೋಗದಿದ್ದರೆ ನಿಮ್ಮ ನೀರು ಗಡಸು. ಪುಡಿಯಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ, ನಾವು ವಾಷಿಂಗ್ ಸೋಡಾ ಎನ್ನುವುದು ಅದನ್ನೇ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಅದು ಸೇರಿದರೆ ಹುಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನ ಜಾತಿಯದು. ಅದಕ್ಕೆ ಸೋಪು ನಾಟುವುದಿಲ್ಲ, ಹುಳಿ ನಾಟುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ 4 ಲೀಟರ್ ಉಗುರುಬೆಚ್ಚಗಿನ ನೀರು, ಅದಕ್ಕೆ 250 ಮಿ.ಲೀ. ಬಿಳಿ ವಿನೆಗರ್. ಪ್ಯಾಂಟನ್ನು ಅರ್ಧ ಗಂಟೆ ಮುಳುಗಿಸಿಟ್ಟು, ವಾಸನೆ ಹೋಗುವವರೆಗೆ ಜಾಲಿಸಿ. ಒಳಹೊಲಿಗೆಯ ಹತ್ತಿರ ಒಂದು ಹನಿ ಹಾಕಿ, ಬಣ್ಣ ಬಿಡುವುದಿಲ್ಲ ಎಂದು ನೋಡಿಕೊಂಡೇ ಮುಳುಗಿಸಿ.

ಪುಡಿ ಬದಲಿಸಿದರೂ ಗೆರೆ ಹೋಗದಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಹಿಂದೆ ಪುಡಿಗಳಲ್ಲಿ ಫಾಸ್ಫೇಟ್ ಇರುತ್ತಿತ್ತು. ಅದು ಕೆರೆಗಳಿಗೆ ಸೇರಿ ಪಾಚಿ ಬೆಳೆಸುತ್ತದೆ ಎಂದು ಎಷ್ಟೋ ಕಡೆ ಬಿಡಿಸಿದರು. ಅದರ ಜಾಗಕ್ಕೆ ಬಂದವುಗಳಲ್ಲಿ ಜಿಯೋಲೈಟ್ ಒಂದು. ನೀರಿನ ಗಡಸನ್ನು ನುಂಗುವುದು ಅದರ ಕೆಲಸ. ಆದರೆ ಅದು ನೀರಿನಲ್ಲಿ ಕರಗುವ ಪದಾರ್ಥವೇ ಅಲ್ಲ! ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ತೇಲಿಕೊಂಡು ಹೊರಗೆ ಹೋಗಬೇಕು. ಡ್ರಮ್ಮಿಗೆ ಬಟ್ಟೆ ತುರುಕಿದರೆ ಅದಕ್ಕೆ ದಾರಿ ಎಲ್ಲಿ? ಮಡಿಕೆಯಲ್ಲೇ ಕೂತುಬಿಡುತ್ತದೆ. ಸೊಂಟಪಟ್ಟಿಯ ಕೆಳಗೆ, ಮೊಣಕಾಲಿನ ಹಿಂದೆ ಗೆರೆ ಬರುತ್ತಿದ್ದರೆ ಇದೇ ಕಾರಣ. ತುಂಬಿದ ಮೇಲೆ ಬಟ್ಟೆಯ ಮೇಲ್ಗಡೆ ಒಂದು ಗೇಣು ಜಾಗ ಉಳಿಯಬೇಕು. ಕಪ್ಪು ಬಟ್ಟೆಗಳನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿ. ಅವುಗಳಿಗೆ ಪುಡಿಗಿಂತ ಲಿಕ್ವಿಡ್ ವಾಸಿ.

ಪ್ರಶ್ನೆ: ಮೇಡಂ, ಒಗೆದು ಒಣಗಿಸಿದ ಅಂಗಿಯ ಎದೆಯ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಮಚ್ಚೆಗಳು. ಅಡುಗೆಮನೆಯ ಕಡೆ ಹೋಗದ ಅಂಗಿ ಅದು. ಎಲ್ಲಿಂದ ಬಂತು?

ಸಾಫ್ಟನರ್‌ನಿಂದ. ಲಾಂಡ್ರಿಯಲ್ಲಿದ್ದಾಗ ವಾರಕ್ಕೆ ಒಬ್ಬರಾದರೂ ಈ ಅಂಗಿ ತಂದು ನನ್ನ ಮುಂದೆ ಹರಡುತ್ತಿದ್ದರು. ಎಣ್ಣೆ ಎಂದುಕೊಂಡು ಟಾಲ್ಕಂ ಪೌಡರ್ ಮೆತ್ತಿ ತಂದವರೂ ಇದ್ದರು.

ಸಾಫ್ಟನರ್ ಅಂದರೆ ಸುವಾಸನೆಯ ನೀರಲ್ಲ, ಕೊಬ್ಬಿನಂಥ ಪದಾರ್ಥ. ನೂಲಿನ ಮೇಲೆ ತೆಳ್ಳಗೆ ಬಳಿದುಕೊಳ್ಳುವುದರಿಂದಲೇ ಬಟ್ಟೆ ಮೆತ್ತಗಾಗುವುದು. ಅದರ ಕಣಗಳಿಗೆ ಧನ ವಿದ್ಯುದಂಶ, ಡಿಟರ್ಜೆಂಟಿನದಕ್ಕೆ ಋಣ. ಎರಡೂ ಒಂದೇ ನೀರಿನಲ್ಲಿ ಎದುರಾದರೆ ಗಂಟುಬಿದ್ದು, ನೀರಿಗೆ ಕರಗದ ಅಂಟಾಗಿ ಬಟ್ಟೆಗೆ ಹತ್ತಿಕೊಳ್ಳುತ್ತವೆ. ಆದ್ದರಿಂದಲೇ ಸಾಫ್ಟನರ್ ಕಟ್ಟಕಡೆಯ ಜಾಲಿಕೆಯಲ್ಲಿ ಮಾತ್ರ ಬರಬೇಕು.

ತೆಗೆಯುವುದು ಸುಲಭ. ಮಚ್ಚೆಯ ಜಾಗ ಮಾತ್ರ ಒದ್ದೆ ಮಾಡಿ ಸಾದಾ ಸೋಪಿನ ಬಿಲ್ಲೆ ಉಜ್ಜಿ. ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ನೊರೆ ಬರುವ ತನಕ ಬಟ್ಟೆಗೆ ಬಟ್ಟೆಯನ್ನೇ ತಿಕ್ಕಿ. ಮೊದಮೊದಲು ನೊರೆ ಏಳದೆ ಕೈಗೆ ಜಾರುಜಾರಾಗಿ ಸಿಗುತ್ತದೆ. ನೊರೆ ಎದ್ದಿತೆಂದರೆ ಜಿಡ್ಡು ಬಿಟ್ಟಿತು ಎಂದರ್ಥ. ಆಮೇಲೆ ಲೇಬಲ್ ಒಪ್ಪುವಷ್ಟು ಬಿಸಿ ನೀರಿನಲ್ಲಿ, ಸಾಫ್ಟನರ್ ಇಲ್ಲದೆ ಒಗೆಯಿರಿ. ಸೋಪಿನ ಬಿಲ್ಲೆಯ ಬದಲು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಆದರೂ ನಡೆಯುತ್ತದೆ. ಪೂರ್ತಿ ಹೋಗುವವರೆಗೆ ಇಸ್ತ್ರಿಯಾಗಲಿ ಡ್ರೈಯರ್ ಆಗಲಿ ಬೇಡ. ಕಾವು ತಗುಲಿದ ಜಿಡ್ಡು ಹಟ ಹಿಡಿಯುತ್ತದೆ.

ಈಗ ನಿಜವಾದ ಅಪರಾಧಿಯ ಹತ್ತಿರ ಬನ್ನಿ. ಮೆಷಿನ್‌ನ ಡ್ರಾಯರ್ ಎಳೆದು ಸಾಫ್ಟನರ್ ಖಾನೆ ನೋಡಿ. ನಡುವೆ ಸಣ್ಣ ಕೊಳವೆ, ಮೇಲೊಂದು ಟೋಪಿ ಇರುತ್ತದೆ. ಅದು ಸೈಫನ್. ಕೊನೆಯ ಜಾಲಿಕೆಯ ನೀರು ಬಂದು ಖಾನೆ ತುಂಬಿ ಕೊಳವೆಯ ಬಾಯಿ ದಾಟಿದಾಗ ಒಳಗಿದ್ದದ್ದೆಲ್ಲ ಸರ್ರನೆ ಇಳಿದುಹೋಗುತ್ತದೆ. ಅಲ್ಲೊಂದು ಗೆರೆ ಕೊರೆದಿರುತ್ತಾರೆ, ಇಲ್ಲಿಯವರೆಗೆ ಮಾತ್ರ ಎಂದು. ಆ ಗೆರೆ ದಾಟಿಸಿ ಸುರಿದರೆ ಸೈಫನ್ ಆ ಕ್ಷಣದಲ್ಲೇ ಶುರುವಾಗಿ, ಸಾಫ್ಟನರ್ ಪೂರ್ತಿ ಒಣ ಬಟ್ಟೆಯ ಮೇಲೆ ಬೀಳುತ್ತದೆ, ಡಿಟರ್ಜೆಂಟ್ ಬರುವ ಮೊದಲೇ. ನಮ್ಮ ಮನೆಯವರದು ಎಲ್ಲದಕ್ಕೂ ಒಂದು ಕೈ ಜಾಸ್ತಿ. ನಮ್ಮ ಅರ್ಧ ಅಂಗಿಗಳ ಮಚ್ಚೆಯ ಮೂಲ ಅದೇ. ಗೆರೆಯ ಕೆಳಗೇ ನಿಲ್ಲಿಸಿ. ಗಟ್ಟಿ ಸಾಫ್ಟನರ್ ಆದರೆ ಅಷ್ಟೇ ನೀರು ಬೆರೆಸಿ ಹಾಕಿ. ಖಾನೆಯೇ ಇಲ್ಲದ ಮೆಷಿನ್ ಆದರೆ ಕೊನೆಯ ಜಾಲಿಕೆಗೆ ನೀರು ತುಂಬಿದ ಮೇಲೆ, ಒಂದು ಮಗ್ ನೀರಿನಲ್ಲಿ ಕದಡಿ ಸುರಿಯಿರಿ.

ಟವೆಲ್ಲಿಗೆ ಸಾಫ್ಟನರ್ ಹಾಕುವವರನ್ನು ಕಂಡರೆ ನನಗೆ ಅರ್ಥವೇ ಆಗುವುದಿಲ್ಲ. ಮೈ ಒರೆಸಲು ಇರುವ ಬಟ್ಟೆಗೆ ನೀರು ಹೀರದ ಹಾಗೆ ಜಿಡ್ಡು ಬಳಿದಂತೆ ಅದು. ಬೆಂಕಿ ಹತ್ತಿಕೊಳ್ಳದಂತೆ ಮಾಡಿದ ಮಕ್ಕಳ ರಾತ್ರಿಯುಡುಪಿಗಂತೂ ಹಾಕಲೇಬಾರದು, ಆ ಗುಣ ಕುಂದುತ್ತದೆ. ಲೇಬಲ್ ಓದಿ.

ಪ್ರಶ್ನೆ: ಲಿಕ್ವಿಡ್ ಡಿಟರ್ಜೆಂಟ್ ನೇರವಾಗಿ ಬಟ್ಟೆಯ ಮೇಲೆ ಬಿದ್ದು ನೀಲಿ ಕಲೆ ಆಗಿದೆ.

ಅದು ಲಿಕ್ವಿಡ್‌ಗೆ ಬೆರೆಸಿದ ಬಣ್ಣ. ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಜಾಲಿಸಿ. ನೊರೆ ನಿಂತಾಗ ಸಾಮಾನ್ಯವಾಗಿ ಬಣ್ಣವೂ ಹೋಗಿರುತ್ತದೆ. ಮೇಲೆ ಮತ್ತೆ ಡಿಟರ್ಜೆಂಟ್ ಹಾಕಿ ಉಜ್ಜಬೇಡಿ, ಅದರಲ್ಲಿರುವುದೂ ಅದೇ ಬಣ್ಣ! ಇನ್ನು ಮುಂದೆ ಡ್ರಮ್ಮಿಗೆ ಮೊದಲು ಲಿಕ್ವಿಡ್, ಆಮೇಲೆ ಬಟ್ಟೆ.

ಪ್ರಶ್ನೆ: ಕೆನೆಬಣ್ಣದ ಲಿನನ್ ಅಂಗಿಯ ಕಾಲರ್‌ಗೆ ಡಿಟರ್ಜೆಂಟ್ ಹಚ್ಚಿ ತಿಕ್ಕಿದೆ. ಈಗ ಕಾಲರ್ ಮಾತ್ರ ಬಿಳಿ ಬಿಳಿ ಹೊಳೆಯುತ್ತದೆ. ಬ್ಲೀಚ್ ಇಲ್ಲದ ಡಿಟರ್ಜೆಂಟ್, ಬಣ್ಣ ಹೇಗೆ ಹೋಯಿತು?

ಬಣ್ಣ ಹೋಗಿಲ್ಲ, ಬಂದಿದೆ. ನಾನು ಹೇಳುತ್ತೇನೆ ಎಂದಿದ್ದ ತಪ್ಪು ಇದೇ. ಲಾಂಡ್ರಿಗೆ ಸೇರಿದ ಹೊಸದು. ಒಬ್ಬರ ಕೆನೆಬಣ್ಣದ ಅಂಗಿಯ ಕಾಲರ್‌ಗೆ ಲಿಕ್ವಿಡ್ ಸುರಿದು, ಊಟ ಮುಗಿಸಿ ಬಂದು ತಿಕ್ಕಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಸರಿಯಾಗಿಯೇ ಇತ್ತು. ಅವರು ಅಂಗಿ ತೆಗೆದುಕೊಂಡು ಬಿಸಿಲಿಗೆ ಇಳಿದರು ನೋಡಿ, ಕಾಲರ್ ಬೇರೆ ಅಂಗಿಯದ್ದೇನೋ ಎನ್ನುವ ಹಾಗೆ ಝಗ್ಗೆಂದಿತು. ಅಲ್ಲಿಂದಲೇ ಹಿಂತಿರುಗಿದರು.

ಡಿಟರ್ಜೆಂಟಿನಲ್ಲಿ ಆಪ್ಟಿಕಲ್ ಬ್ರೈಟನರ್ ಎಂಬುದೊಂದು ಇರುತ್ತದೆ. ಅದು ಕೊಳೆ ತೆಗೆಯುವುದಿಲ್ಲ. ಬಟ್ಟೆಗೆ ಬಣ್ಣದ ಹಾಗೇ ಅಂಟಿಕೊಂಡು, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ನಮ್ಮ ಕಣ್ಣಿಗೆ ಅದು ‘ಹಾಲಿನಂಥ ಬಿಳುಪು’. 1929ರಲ್ಲಿ ಪೌಲ್ ಕ್ರೈಸ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಹಾರ್ಸ್ ಚೆಸ್ಟ್‌ನಟ್ ಮರದ ಸಾರದಲ್ಲಿ ನೂಲು ಅದ್ದಿ ತೋರಿಸಿದ ತಂತ್ರದ ಮುಂದುವರಿಕೆ ಇದು. ಬಿಳಿ ಬಟ್ಟೆಗೆ ವರ. ಕೆನೆ, ಖಾಕಿ, ತಿಳಿಗುಲಾಬಿ ಬಣ್ಣಗಳಿಗೆ ಅಪಾಯ, ಅದೂ ಒಂದೇ ಜಾಗಕ್ಕೆ ಗಟ್ಟಿಯಾಗಿ ಬಿದ್ದರೆ.

ಒಮ್ಮೆ ಹಿಡಿದ ಬ್ರೈಟನರನ್ನು ಮನೆಯಲ್ಲಿ ಬಿಡಿಸುವುದು ಆಗದ ಮಾತು. ಆಗುವುದು ಒಂದೇ, ಉಳಿದ ಅಂಗಿಯನ್ನೂ ಕಾಲರಿನ ಸಮಕ್ಕೆ ತರುವುದು. ಅದೇ ಡಿಟರ್ಜೆಂಟನ್ನು ನೀರಿನಲ್ಲಿ ಪೂರ್ತಿ ಕದಡಿ ಇಡೀ ಅಂಗಿಯನ್ನು ನಾಲ್ಕೈದು ಸಲ ಒಗೆದರೆ ವ್ಯತ್ಯಾಸ ತಗ್ಗುತ್ತದೆ. ಕೆನೆಬಣ್ಣ ಮಾತ್ರ ಮೊದಲಿನ ಹಾಗೆ ಇರುವುದಿಲ್ಲ. ನಾನು ಹಾಗೇ ಮಾಡಿಕೊಟ್ಟೆ. ಅವರು ಅಂಗಿಯನ್ನು ಬಾಗಿಲಾಚೆ ಒಯ್ದು ಬಿಸಿಲಿಗೆ ಹಿಡಿದು ನೋಡಿ, ಏನೂ ಹೇಳದೆ ಹೋದರು. ಅಂದಿನಿಂದ ತಿಳಿಬಣ್ಣದ ಬಟ್ಟೆಯನ್ನು ನಾನೂ ಬಾಗಿಲಾಚೆ ಹೋಗಿಯೇ ನೋಡುತ್ತೇನೆ. ಇಂಥ ಬಟ್ಟೆಗೆ ಬ್ರೈಟನರ್ ಇಲ್ಲದ ಡಿಟರ್ಜೆಂಟ್ ತನ್ನಿ.

ಪ್ರಶ್ನೆ: ಬಚ್ಚಲು ತೊಳೆಯುವಾಗ ಕಪ್ಪು ಕುರ್ತಾದ ಮೇಲೆ ಬ್ಲೀಚ್ ಸಿಡಿದು ಕಿತ್ತಳೆ ಚುಕ್ಕೆಗಳಾಗಿವೆ. ವಿನೆಗರ್ ಹಚ್ಚಿದರೆ ಬ್ಲೀಚ್ ಸಾಯುತ್ತದೆ ಎಂದು ಗೆಳತಿ ಹೇಳಿದಳು. ನಿಜವೇ?

ಗೆಳತಿಗೆ ಹೇಳಿ, ಆ ಸಲಹೆಯನ್ನು ಇನ್ನಾರಿಗೂ ಕೊಡಬೇಡ ಎಂದು. ಮನೆಯ ಬ್ಲೀಚ್ ಎಂದರೆ ಸೋಡಿಯಂ ಹೈಪೊಕ್ಲೋರೈಟ್. ಅದಕ್ಕೆ ಹುಳಿ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದನ್ನು ಉಸಿರಾಡುವುದು ಆಟವಲ್ಲ. ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆತರೂ ವಿಷಾನಿಲವೇ. ಮೇಲೆ ಪ್ಯಾಂಟಿಗೆ ವಿನೆಗರ್ ಹೇಳಿದವಳು ನಾನೇ. ಬ್ಲೀಚ್ ಮುಟ್ಟಿದ ಬಟ್ಟೆಗೆ, ಬ್ಲೀಚ್ ಇದ್ದ ಬಕೆಟಿಗೆ ಅದು ಸಲ್ಲದು.

ಸಿಡಿದ ತಕ್ಷಣ ಮಾಡಬೇಕಾದದ್ದು ಇಷ್ಟು. ಬಟ್ಟೆ ಕಳಚಿ, ಹರಿಯುವ ನಲ್ಲಿಯ ಕೆಳಗೆ ಆ ಜಾಗವನ್ನು ಧಾರಾಳವಾಗಿ ತೊಳೆಯಿರಿ. ಆಮೇಲೆ ಬ್ಲೀಚನ್ನು ನಿಲ್ಲಿಸಲು ಔಷಧಿ ಅಂಗಡಿಯಲ್ಲಿ ಸಿಗುವ 3% ಹೈಡ್ರೊಜನ್ ಪೆರಾಕ್ಸೈಡ್ ಸಾಕು. ಎರಡೂ ಸೇರಿ ಉಪ್ಪು, ನೀರು, ಆಮ್ಲಜನಕವಾಗಿ ಮುಗಿದುಹೋಗುತ್ತವೆ. ಹನಿ ಹಾಕಿದಾಗ ಬುಸಬುಸನೆ ಗುಳ್ಳೆ ಎದ್ದರೆ ಬಟ್ಟೆಯಲ್ಲಿ ಇನ್ನೂ ಬ್ಲೀಚ್ ಉಳಿದಿತ್ತು ಎಂದು ತಿಳಿಯಿರಿ. ನಾವು ಲಾಂಡ್ರಿಯಲ್ಲಿ ಬಳಸುತ್ತಿದ್ದದ್ದು ಸೋಡಿಯಂ ಥಯೋಸಲ್ಫೇಟ್, ಫಿಲ್ಮ್ ತೊಳೆಯುವವರು ಹೈಪೊ ಎನ್ನುತ್ತಿದ್ದರಲ್ಲ, ಅದೇ. ಮೀನಿನ ತೊಟ್ಟಿಯ ನೀರಿನ ಕ್ಲೋರಿನ್ ತೆಗೆಯಲೂ ಅದನ್ನು ಹಾಕುತ್ತಾರೆ. ಹೀಗೆ ನಿಲ್ಲಿಸದಿದ್ದರೆ ನೂಲು ಒಳಗೊಳಗೇ ಲಡ್ಡಾಗಿ, ನಾಲ್ಕು ಒಗೆತವಾದ ಮೇಲೆ ಚುಕ್ಕೆಯ ಜಾಗ ತೂತಾಗುತ್ತದೆ.

ಹೋದ ಬಣ್ಣ? ಅದು ಬರುವುದಿಲ್ಲ. ಕಪ್ಪು ಎಂದರೆ ಹಲವು ಸಲ ಎರಡು ಮೂರು ಬಣ್ಣಗಳ ಮಿಶ್ರಣ, ಬ್ಲೀಚಿಗೆ ಬಗ್ಗದೆ ಉಳಿದದ್ದು ಕಿತ್ತಳೆಯಾಗಿ ಕಾಣುತ್ತಿದೆ, ಅಷ್ಟೆ. ಸಣ್ಣ ಚುಕ್ಕೆಗೆ ಬಟ್ಟೆಗೆಂದೇ ಬರುವ ಮಾರ್ಕರ್ ಪೆನ್ ಹಚ್ಚಿ. ಅಂಚಿನಿಂದ ನಡುವಿಗೆ ಚುಕ್ಕೆ ಚುಕ್ಕೆಯಾಗಿ ಒತ್ತಿದರೆ ಗೊತ್ತಾಗುವುದಿಲ್ಲ, ಗೀಚಿದರೆ ಗೊತ್ತಾಗುತ್ತದೆ. ಹತ್ತಿಯ ಕುರ್ತಾ ಆದರೆ ಪೂರ್ತಿ ಕಪ್ಪು ಬಣ್ಣ ಹಾಕಿಸಬಹುದು. ಪಾಲಿಯೆಸ್ಟರ್ ಮಾಮೂಲಿ ಮನೆಬಣ್ಣಕ್ಕೆ ಬಗ್ಗದು.

ಬ್ಲೀಚ್ ಮಾಡುವ ಕಲೆ ಇದೊಂದೇ ಅಲ್ಲ. ರೇಷ್ಮೆ, ಉಣ್ಣೆಗೆ ಹಾಕಿದರೆ ಹಳದಿಯಾಗುತ್ತವೆ. ಅವು ಪ್ರೋಟೀನ್ ನೂಲುಗಳು, ಹೆಚ್ಚು ಹೊತ್ತು ಬಿಟ್ಟರೆ ಉಣ್ಣೆ ಕರಗಿಯೇ ಹೋಗುತ್ತದೆ. ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ನೂಲು ಇರುವ ಒಳಉಡುಪು, ಸುಕ್ಕು ಬೀಳದಂತೆ ರಾಳ ಹಾಕಿದ ಕೆಲವು ಬಿಳಿ ಅಂಗಿಗಳೂ ಹಳದಿ ತಿರುಗುತ್ತವೆ. ಇನ್ನು ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಬ್ಲೀಚ್ ಅದನ್ನು ತುಕ್ಕಾಗಿಸಿ ಬಟ್ಟೆಯ ಮೇಲೆ ಕೂರಿಸುತ್ತದೆ. ಬಿಳಿ ಹಾಸಿಗೆ ವಸ್ತ್ರ ಬ್ಲೀಚಿನಿಂದ ಕಂದು ಚುಕ್ಕೆ ಚುಕ್ಕೆಯಾಗಿ ಎದ್ದರೆ ಹಾಕಿದ್ದು ಸಾಲಲಿಲ್ಲ ಎಂದು ಇನ್ನಷ್ಟು ಸುರಿಯುತ್ತಾರೆ. ಸುರಿದಷ್ಟೂ ತುಕ್ಕು. ಬ್ಲೀಚ್ ಪೂರ್ತಿ ಹೋಗುವಂತೆ ಎರಡು ಮೂರು ಸಲ ಜಾಲಿಸಿ, ಬೇರೆ ದಿನ ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿ. ಇಂಥ ನೀರಿನವರು ಬ್ಲೀಚ್ ಬಿಟ್ಟು ಸೋಡಿಯಂ ಪರ್ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚ್ ಹಿಡಿಯಿರಿ. ಬಿಸಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದೂ ರೇಷ್ಮೆ, ಉಣ್ಣೆಗೆ ಬೇಡ.

ಪ್ರಶ್ನೆ: ಬಿಳಿ ಬಟ್ಟೆಗೆ ನೀಲಿ ಹಾಕಿದೆ. ಒಂದು ಕಡೆ ಗಾಢ, ಒಂದು ಕಡೆ ಇಲ್ಲವೇ ಇಲ್ಲ, ನಡುನಡುವೆ ಚುಕ್ಕೆ.

ಒಣಗಿಸಿಲ್ಲ ತಾನೆ? ಒಣಗಿಸದಿದ್ದರೆ ಅರ್ಧ ಗೆದ್ದಿರಿ. ತಣ್ಣೀರಿನಲ್ಲಿ ನೆನೆಹಾಕಿ, ನೀರು ನೀಲಿಯಾದಾಗಲೆಲ್ಲ ಬದಲಿಸಿ. ಬೇಕಾದರೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೋಪು ಹಚ್ಚಿ ಒಗೆಯಿರಿ. ಬ್ಲೀಚಿಗೆ ಓಡಬೇಡಿ. ನೀವು ಹಾಕಿದ್ದು ದ್ರವವಲ್ಲದ ಗಟ್ಟಿ ನೀಲಿಯಾಗಿದ್ದರೆ, ಅಂದರೆ ಅಲ್ಟ್ರಾಮರೀನ್ ಎಂಬ ಬಣ್ಣವಾಗಿದ್ದರೆ, ಅದು ಹುಳಿ ಸೋಕಿದರೆ ಬಣ್ಣ ಕಳೆದುಕೊಳ್ಳುವಂಥದ್ದು. ಮೊಂಡು ಚುಕ್ಕೆಗೆ ವಿನೆಗರ್ ನೀರು ಪ್ರಯತ್ನಿಸಬಹುದು. ಅಷ್ಟಾದರೂ ಒಂದೆರಡು ಕಡೆ ಮಬ್ಬು ಉಳಿದರೆ ಲಾಂಡ್ರಿಯ ಹಳೆಯ ಉಪಾಯ ಮಾಡಿ. ಬಕೆಟ್ ತುಂಬ ನೀರಿಗೆ ಬಹಳ ತೆಳ್ಳಗೆ ನೀಲಿ ಬೆರೆಸಿ, ಇಡೀ ಬಟ್ಟೆಯನ್ನು ಅದರಲ್ಲಿ ಆಡಿಸಿ ಸಮ ಮಾಡುವುದು.

ನೀಲಿ ಕೆಡುವುದು ಹಾಕುವಾಗಲ್ಲ, ಅದಕ್ಕೆ ಮೊದಲು. ಬಟ್ಟೆಯಲ್ಲಿ ಸೋಪು ಉಳಿದಿರುತ್ತದೆ, ಒಂದು ಕಡೆ ಒದ್ದೆ ಒಂದು ಕಡೆ ಒಣಗಿರುತ್ತದೆ. ಚೆನ್ನಾಗಿ ಜಾಲಿಸಿ, ಸಮನಾಗಿ ಒದ್ದೆಯಿರುವಾಗ ಬಿಡಿಸಿ ಹಿಡಿದು ಅದ್ದಿ. ಮುದ್ದೆ ಮಾಡಿ ಹಾಕಬೇಡಿ. ನೀಲಿಯನ್ನು ನೀರಿಗೆ ಹಾಕಿ ಕಲಕಿದ ಮೇಲೆ ಬಟ್ಟೆಗೆ ತೋರಿಸಬೇಕು, ಬಟ್ಟೆ ಇರುವ ಬಕೆಟಿಗೆ ನೀಲಿ ಸುರಿಯುವುದಲ್ಲ. ಪ್ರಷ್ಯನ್ ಬ್ಲೂ ಎಂಬ ಕಬ್ಬಿಣದ ಅಂಶದ ಬಣ್ಣ ಇರುವ ನೀಲಿಯಾದರಂತೂ ಸೋಪಿನ ಕ್ಷಾರ ಸಿಕ್ಕರೆ ಅದು ಒಡೆದು ಕಬ್ಬಿಣದ ತುಕ್ಕಾಗುತ್ತದೆ. ಬಿಳುಪು ಮಾಡಲು ಹೋಗಿ ಬಟ್ಟೆಯೇ ಹಳದಿಯಾಗುವುದು ಹಾಗೆ.

ಪ್ರಶ್ನೆ: ಒಗೆದ ಬಟ್ಟೆಗೆ ಬೂದುಬಣ್ಣದ ಚಕ್ಕೆಗಳು ಅಂಟಿಕೊಂಡು ಬರುತ್ತವೆ. ಉಜ್ಜಿದರೆ ಮೇಣದ ಹಾಗೆ ಬಳಿದುಕೊಳ್ಳುತ್ತವೆ.

ಮೆಷಿನ್ನೇ ಕೊಳಕಾಗಿದೆ. ಡಿಟರ್ಜೆಂಟ್, ಸಾಫ್ಟನರ್, ನೀರಿನ ಸುಣ್ಣ ಎಲ್ಲ ಸೇರಿ ಡ್ರಮ್ಮಿನ ಹಿಂಬದಿಗೆ ಲೇಪವಾಗಿ ಈಗ ಕಳಚುತ್ತಿದೆ. ಬಟ್ಟೆಯನ್ನು ಸಾಫ್ಟನರ್ ಮಚ್ಚೆಯ ಹಾಗೆಯೇ ಸೋಪಿನಿಂದ ತೊಳೆಯಿರಿ. ಮೆಷಿನ್‌ನಲ್ಲಿ ಬಟ್ಟೆ ಹಾಕದೆ ಅತಿ ಬಿಸಿನೀರಿನ ಸುತ್ತು ಓಡಿಸಿ, ಚಕ್ಕೆ ನಿಲ್ಲುವವರೆಗೆ ಮತ್ತೆ ಮತ್ತೆ. ಬಾಗಿಲಿನ ರಬ್ಬರ್ ಮಡಿಕೆಯೊಳಗೆ ಒದ್ದೆ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಬರುವುದನ್ನು ನೋಡಿದರೆ ಊಟ ಸೇರುವುದಿಲ್ಲ. ಡ್ರಾಯರ್ ಹೊರಗೆ ತೆಗೆದು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಒಗೆತವಾದ ಮೇಲೆ ಬಾಗಿಲು ತೆರೆದಿಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮೆಷಿನ್ ಒಣಗುವವರೆಗೆ ಕಣ್ಣಿಟ್ಟಿರಿ.

ಪ್ರಶ್ನೆ: ಒಗೆದಾಗ ಬಿಳಿಯಾಗಿದ್ದ ಬಟ್ಟೆ ಇಸ್ತ್ರಿ ಮಾಡುವಾಗ ಕಂದಾಗುತ್ತದೆ.

ಸೋಪು ಅಥವಾ ಗಂಜಿ ಉಳಿದಿದೆ, ಕಾವಿಗೆ ಸೀಯುತ್ತಿದೆ. ಮತ್ತೆ ಒಗೆದು ಇನ್ನೆರಡು ಸಲ ಜಾಲಿಸಿ. ಇಸ್ತ್ರಿಪೆಟ್ಟಿಗೆಯ ತಳವನ್ನೂ ಆರಿದ ಮೇಲೆ ಒರೆಸಿ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಿ, ಡಿಟರ್ಜೆಂಟ್ ಎಷ್ಟು ಹಾಕಬೇಕು ಎಂದು ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಆಗುವುದಿಲ್ಲ, ನೀರು ಗಡಸಾದಷ್ಟೂ ಹೆಚ್ಚು ಬೇಕು. ಆದರೆ ಈಗ ಹಾಕುತ್ತಿರುವುದು ಹೆಚ್ಚೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಒಗೆದು ಮಡಿಸಿಟ್ಟ ನಾಲ್ಕು ಟವೆಲ್ ತೆಗೆದು, ಏನೂ ಹಾಕದೆ ಬಿಸಿನೀರಿನಲ್ಲಿ ಓಡಿಸಿ. ಐದು ನಿಮಿಷವಾದ ಮೇಲೆ ನೋಡಿ. ನೊರೆ ಎದ್ದಿದ್ದರೆ ಅದು ಹಿಂದಿನ ಒಗೆತಗಳ ಬಾಕಿ. ಮುಂದಿನ ಸಲದಿಂದ ಪ್ಯಾಕೆಟ್ ಹೇಳುವುದಕ್ಕಿಂತ ತುಸು ಕಡಿಮೆಯಿಂದ ಶುರುಮಾಡಿ, ಕೊಳೆ ಹೋಗದಿದ್ದರೆ ಮಾತ್ರ ಏರಿಸಿ. ಅಳತೆಯ ಮುಚ್ಚಳದೊಳಗಿನ ಗೆರೆಗಳು ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ. ಎಲ್ಲರೂ ಮುಚ್ಚಳ ತುಂಬ ಸುರಿಯುವುದು ಅದಕ್ಕೇ. ನಾನು ನಮ್ಮ ಮನೆಯ ಮುಚ್ಚಳಕ್ಕೆ ಕಪ್ಪು ಮಾರ್ಕರ್‌ನಲ್ಲಿ ದಪ್ಪ ಗೆರೆ ಎಳೆದಿಟ್ಟೆ. ಮೊನ್ನೆ ನೋಡಿದರೆ ಅದರ ಮೇಲೆ ಅರ್ಧ ಬೆರಳಿನಷ್ಟು ಎತ್ತರದಲ್ಲಿ ನಮ್ಮ ಮನೆಯವರು ಇನ್ನೊಂದು ಗೆರೆ ಎಳೆದಿದ್ದಾರೆ.